ಇಬ್ಬರ ಮೋಟಾರು

ನಮ್ಮ ಮೋಟಾರಿಗೆ ಹಿಂದಿನ ಸೀಟು ಇರಲಿಲ್ಲ. ನನ್ನ ಸಂಸಾರದ ಸುಖವೆಲ್ಲ ಆ ಇಲ್ಲದ ಸೀಟಿನಿಂದ ಹುಟ್ಟಿತು ಎಂದರೆ ಜನ ನಗುತ್ತಾರೆ. ನಗಲಿ. ನಕ್ಕವರು ಯಾರೂ ಆ ಗಾಡಿಯಲ್ಲಿ ಕೂತವರಲ್ಲ.

ನಮ್ಮ ಕಡೆ ಆಗ ಹೆಂಗಸರು ಗಂಡನ ಪಕ್ಕದಲ್ಲಿ ಕೂತು ಊರೊಳಗೆ ಹಾಯುವ ರೂಢಿ ಇರಲಿಲ್ಲ. ನಡೆದರೆ ಅವನಿಂದ ನಾಲ್ಕು ಮಾರು ಹಿಂದೆ. ಚಕ್ಕಡಿ ಹೂಡಿದರೆ ಅವನು ಮುಂದೆ, ಎತ್ತಿನ ಬಾಲದ ಹತ್ತಿರ. ನಾವು ಹಿಂದೆ, ಚೀಲಗಳ ನಡುವೆ, ಬಿಟ್ಟುಬಂದ ಊರಿನ ಕಡೆ ಮುಖ ಮಾಡಿ. ಇದರಲ್ಲಿ ಹಿಂದೂ ಮುಸಲ್ಮಾನ ಎಂಬ ಭೇದವಿರಲಿಲ್ಲ. ಇಂಥ ವಿಷಯದಲ್ಲಿ ಎಲ್ಲರ ಮನೆಯ ಹಿರಿಯರದೂ ಒಂದೇ ಮಾತು. ದಾರಿಯಲ್ಲಿ ಏನೇನಿದೆ ಎನ್ನುವುದು ನಮಗೆ ಅದನ್ನು ದಾಟಿದ ಮೇಲೆಯೇ ಕಾಣುತ್ತಿತ್ತು.

ನಾನು ಮುದ್ದೇಬಿಹಾಳದವಳು, ಹೆಸರು ಸಗೀರಾ. ವಿಜಾಪುರದಲ್ಲಿ ಶಿಕ್ಷಕಿಯ ತರಬೇತಿ ಮುಗಿಸಿದ ವರ್ಷವೇ ಹೊರ್ತಿಗೆ ಸೊಸೆಯಾಗಿ ಬಂದೆ. ಗಂಡನ ಹೆಸರನ್ನು ಬಾಯಿಂದ ಹೇಳುವ ಪದ್ಧತಿ ನಮ್ಮಲ್ಲಿಲ್ಲ, ಬರೆಯಲು ಅಡ್ಡಿಯಿಲ್ಲ: ಶಮಶುದ್ದೀನ. ಊರ ಹೊರಗೆ ಅವರ ಮನೆತನದ ನಿಂಬೆ ತೋಟವಿತ್ತು. ತೋಟದ ಯಜಮಾನಿಕೆ ಮಾತ್ರ ಅವರದಲ್ಲ, ನನ್ನ ಅತ್ತೆ ಲಾಲಬಿಯದು. ಮಗನ ಪಾಲಿಗಿದ್ದದ್ದು ಎರಡೇ ಕೆಲಸ: ಮೋಟಾರು ನಡೆಸುವುದು, ಮತ್ತು ಕನಸು ಕಾಣುವುದು.

ಆ ಮೋಟಾರು ಸೋಲಾಪುರದ ಗಿರಣಿಯ ಇಂಗ್ಲಿಷ್ ಎಂಜಿನಿಯರನೊಬ್ಬ ದೇಶ ಬಿಟ್ಟು ಹೋಗುವಾಗ ಮಾರಿಹೋದ ಕೂಪೆ ಗಾಡಿ. ಎರಡನೆಯ ಮಹಾಯುದ್ಧಕ್ಕಿಂತ ಮೊದಲಿನದು, ಓಟದ ಶೋಕಿಯವರಿಗಾಗಿಯೇ ವಿಲಾಯತಿಯಲ್ಲಿ ಮಾಡಿದ್ದು. ಉದ್ದ ಮೂತಿ, ತಗ್ಗಿದ ಚಾವಣಿ, ತಂತಿ ಕಡ್ಡಿಯ ಗಾಲಿಗಳು, ಎರಡು ಬಾಗಿಲು, ಎರಡೇ ಸೀಟು. ಹೊರ್ತಿಯ ಜನ ಅದನ್ನು ‘ಇಬ್ಬರ ಮೋಟಾರು’ ಎನ್ನುತ್ತಿದ್ದರು. ಅಂಥ ಗಾಡಿಯ ಡಿಕ್ಕಿಯಲ್ಲಿ ನಮ್ಮವರು ದಿನಾ ಬೆಳಿಗ್ಗೆ ನಿಂಬೆಕಾಯಿಯ ಬುಟ್ಟಿಗಳನ್ನು ತುಂಬಿ ಇಂಡಿ ರೋಡ್ ಸ್ಟೇಶನ್ನಿಗೆ ಒಯ್ದು ಮುಂಬೈ ಕಡೆಯ ರೈಲಿಗೆ ಏರಿಸುತ್ತಿದ್ದರು. ಆ ಎಂಜಿನಿಯರ ಸಾಹೇಬ ನೋಡಿದ್ದರೆ ಅಲ್ಲೇ ಎದೆ ಹಿಡಿದುಕೊಂಡು ಕೂಡುತ್ತಿದ್ದನೇನೋ.

ನನಗೆ ಇಂಡಿಯ ಹೆಣ್ಣುಮಕ್ಕಳ ಸಾಲೆಯಲ್ಲಿ ನೌಕರಿ ಸಿಕ್ಕಿತು. ಅತ್ತೆಗೆ ನೌಕರಿಯ ಬಗ್ಗೆ ತಕರಾರು ಇರಲಿಲ್ಲ, ಹೋಗುವುದು ಹೇಗೆ ಎನ್ನುವುದೇ ತಕರಾರು. ಬಸ್ಸು ಬರುವ ಹೊತ್ತಿಗೆ ಸಾಲೆಯಲ್ಲಿ ಅರ್ಧ ದಿನ ಮುಗಿದಿರುತ್ತಿತ್ತು. ಮೋಟಾರು ಹೇಗಿದ್ದರೂ ಸ್ಟೇಶನ್ನಿಗೆ ಹೋಗುತ್ತದೆ, ಅಲ್ಲಿಂದ ಇಂಡಿ ದೂರವಲ್ಲ. ಅತ್ತೆ ಮೋಟಾರಿನ ಸುತ್ತ ಒಂದು ಸುತ್ತು ಹಾಕಿದರು.

“ಹಿಂದ ಜಾಗಾನ ಇಲ್ಲಲ್ಲೋ” ಎಂದರು ಮಗನಿಗೆ.

“ಇದು ಇಬ್ಬರ ಗಾಡಿ, ಅಮ್ಮಾ.”

“ಇಬ್ಬರ ಗಾಡಿ ಅಂದಮ್ಯಾಲ ಮುಂದೊಂದು ಹಿಂದೊಂದು ಇರಬೇಕಿಲ್ಲ? ಮಾಡಿದಾಂವಗ ಅಷ್ಟೂ ತಿಳೀಲಿಲ್ಲೇನು?” ಎಂದು ಡಿಕ್ಕಿ ತೆಗೆಸಿ ನೋಡಿದರು. “ಇಲ್ಲಿ ಕುಂಡ್ರತಾಳು.”

“ಅಲ್ಲಿ ನಿಂಬಿಕಾಯಿ ಕುಂಡ್ರತಾವು, ಅಮ್ಮಾ.”

ನಿಂಬೆಕಾಯಿಯ ಪ್ರಶ್ನೆ ಬಂದಮೇಲೆ ಅತ್ತೆ ಸುಮ್ಮನಾದರು. ಕೊನೆಗೆ ಒಂದು ದಾರಿ ಹುಡುಕಿದರು. ನಾನು ಮುಂದೆಯೇ ಕೂಡಬೇಕು, ಆದರೆ ನನಗೂ ಅವರಿಗೂ ನಡುವೆ ನಿಂಬೆಕಾಯಿಯ ಒಂದು ಸಣ್ಣ ಬುಟ್ಟಿ ಇರಬೇಕು. ದಿನಾಲು ತಾವೇ ತಂದು ಇಡುತ್ತಿದ್ದರು. ಊರ ಕೊನೆಯ ಮನೆ ದಾಟಿದೊಡನೆ ನಮ್ಮವರು ಗಾಡಿ ನಿಲ್ಲಿಸದೆಯೇ ಆ ಬುಟ್ಟಿಯನ್ನು ಎತ್ತಿ ನನ್ನ ಮಡಿಲಲ್ಲಿ ಇಡುತ್ತಿದ್ದರು.

ಹೀಗೆ ನಾನು ನಮ್ಮ ಸೀಮೆಯಲ್ಲಿ ದಾರಿಯನ್ನು ಎದುರಿನಿಂದ ನೋಡಿದ ಮೊದಲ ಹೆಂಗಸಾದೆ.

ಆ ಮುಂಜಾವುಗಳನ್ನು ಈಗಲೂ ನಾನು ಪೂರ್ತಿ ನಂಬಿಲ್ಲ. ಚಳಿಗಾಲದಲ್ಲಿ ಜೋಳದ ಹೊಲಗಳ ಮೇಲೆ ಮಂಜು ತಗ್ಗಾಗಿ ನಿಂತಿರುತ್ತಿತ್ತು. ನಮ್ಮ ಗಾಡಿಯೂ ತಗ್ಗು, ಆದ್ದರಿಂದ ಕೂತಲ್ಲಿಂದ ನೆಲ ಕಾಣುತ್ತಿರಲಿಲ್ಲ; ತೆನೆಗಳು, ತೆನೆಯ ಮೇಲೆ ಕೂತ ಹಕ್ಕಿಗಳು, ಆಮೇಲೆ ಬರೀ ಬೆಳಕು. ಎಂಜಿನ್ನಿನ ಬಿಸಿ ಪಾದಕ್ಕೆ ಹತ್ತುತ್ತಿತ್ತು. ಗಾಡಿಯ ತುಂಬ ನಿಂಬೆಯ ವಾಸನೆ. ಅವರು ಮಾತಾಡುತ್ತಿದ್ದರು, ನಾನು ಕೇಳುತ್ತಿದ್ದೆ. ಮನೆಯಲ್ಲಿ ಅವರಿಗೆ ತಾಯಿಯ ಮುಂದೆ ನನ್ನ ಜೊತೆ ಎರಡು ಮಾತಾಡಲೂ ಸಂಕೋಚ. ಇಡೀ ದಿನದ ನಮ್ಮ ದಾಂಪತ್ಯವೆಲ್ಲ ಹೊರ್ತಿಯ ಕೊನೆಯ ಮನೆಯಿಂದ ಇಂಡಿಯ ಮೊದಲ ಮನೆಯ ತನಕ ನಡೆಯುತ್ತಿತ್ತು. ಸಂಜೆ ತಿರುಗಿ ಬರುವಾಗ ಉಳಿದದ್ದು. ನನಗೆ ಇನ್ನೇನೂ ಬೇಕಿರಲಿಲ್ಲ.

ಹೀಗೆ ಕೆಲವು ವರ್ಷ ಹೋದಮೇಲೆ ಶ್ರೀಶೈಲಪ್ಪನವರು ಜೀಪು ತಂದರು.

ಶ್ರೀಶೈಲಪ್ಪನವರ ನಿಂಬೆ ತೋಟಕ್ಕೂ ನಮ್ಮದಕ್ಕೂ ಒಂದೇ ಬೇಲಿ. ನಮ್ಮವರ ಜೊತೆ ಸಾಲೆ ಕಲಿತವರು, ಹಬ್ಬಕ್ಕೆ ಹೋಳಿಗೆ ಕಳಿಸುವವರು, ಕೆಟ್ಟವರೇನಲ್ಲ. ಸ್ಟೇಶನ್ನಿಗೆ ಮುಂಚೆ ಒಂದು ದೊಡ್ಡ ಏರು ಬರುತ್ತದೆ. ನಮ್ಮ ಗಾಡಿ ಆ ಏರಿನಲ್ಲಿ ಮೊದಲಿನಿಂದಲೂ ಸ್ವಲ್ಪ ಏದುಸಿರು ಬಿಡುತ್ತಿತ್ತು. ಒಂದು ಬೆಳಿಗ್ಗೆ ಅಲ್ಲಿ ಹಿಂದಿನಿಂದ ಹಾರ್ನು ಕೇಳಿತು. ಜೀಪು ನಮ್ಮನ್ನು ಹಿಂದೆ ಹಾಕಿ ಹೋಯಿತು. ಶ್ರೀಶೈಲಪ್ಪನವರು ಕೈ ಬೀಸಿದರು, ನಗುನಗುತ್ತ. ಧೂಳು ಇಳಿದಾಗ ನಮ್ಮವರ ಮೀಸೆ ಕೆಂಪಗಾಗಿತ್ತು. ಮರುದಿನವೂ ಹಾಗೇ ಆಯಿತು, ಅದರ ಮರುದಿನವೂ. ರೈಲಿನಲ್ಲಿ ಮೊದಲು ಬಂದವರ ಬುಟ್ಟಿಗೆ ಗಾಳಿಯಾಡುವ ಬಾಗಿಲ ಬಳಿ ಜಾಗ ಸಿಗುತ್ತದೆ, ತಡವಾಗಿ ಬಂದವರದು ಒಳಗೆ ಬೇಯುತ್ತದೆ. ಇದು ಅತ್ತೆಗೆ ಹೇಳಲು ನೆಪವಾಯಿತು. ನಿಜವಾಗಿ ನಮ್ಮವರನ್ನು ಸುಟ್ಟದ್ದು ಆ ಕೈ ಬೀಸುವುದು.

ಅಂದಿನಿಂದ ಯೋಜನೆ ಶುರುವಾಯಿತು.

ಇಂಡಿಯಲ್ಲಿ ಖಂಡೆಪ್ಪ ಎಂಬವರು ಬಾವಿಯ ನೀರೆತ್ತುವ ಎಣ್ಣೆ ಎಂಜಿನ್ನುಗಳನ್ನು ದುರಸ್ತಿ ಮಾಡುತ್ತಿದ್ದರು. ನಮ್ಮ ಮೋಟಾರಿಗೂ ಅವರೇ ವೈದ್ಯರು. ನನ್ನನ್ನು ಸಾಲೆಗೆ ಬಿಟ್ಟಮೇಲೆ ನಮ್ಮವರು ಅವರ ಅಂಗಡಿಯಲ್ಲಿ ಕೂಡುತ್ತಿದ್ದರು. ಒಬ್ಬರು ಕನಸು ಹೇಳುವುದು, ಇನ್ನೊಬ್ಬರು ತಲೆ ಆಡಿಸುವುದು. ಖಂಡೆಪ್ಪನವರಷ್ಟು ಒಳ್ಳೆಯ ಮನುಷ್ಯ ಇನ್ನೊಬ್ಬರಿಲ್ಲ. ಆಗುವುದಿಲ್ಲ ಎಂಬ ಮಾತು ಅವರ ಬಾಯಿಗೆ ಬರುತ್ತಲೇ ಇರಲಿಲ್ಲ, ಅದೇ ಅವರಲ್ಲಿದ್ದ ದೋಷ.

ಸಂಜೆ ಗಾಡಿಯಲ್ಲಿ ಆ ಕನಸು ನನ್ನ ಪಾಲಿಗೆ ಬರುತ್ತಿತ್ತು.

“ಸಗೀರಾ, ಇದಕ್ಕ ಒಂದ ಕಾರ್ಬುರೇಟರ್ ಐತಿ. ಇನ್ನೊಂದು ಕೂಡಿಸಿದ್ರ?”

“ಏನಾಗ್ತದ್ರಿ?”

“ನೆಗಡಿ ಬಿಟ್ಟು ಎರಡೂ ಮೂಗು ತೆರದಂಗ ಆಗ್ತದ. ಆಮ್ಯಾಲ ಎಂಜಿನ್ ತಲಿ ಒಂಚೂರು ಕೆತ್ತಿಸಬೇಕು. ಗಾಳಿ ಇನ್ನೂ ಬಿಗಿಯಾಗಿ ಒತ್ತತೈತಿ, ಕಸುವು ಹೆಚ್ಚಾಗ್ತೈತಿ. ಸೈಲೆನ್ಸರ್ ತಗದು ನೆಟ್ಟಗಿಂದು ಪೈಪ್ ಹಾಕಬೇಕು.”

“ಅಷ್ಟಾದಮ್ಯಾಲ?”

ಅಷ್ಟಾದ ಮೇಲಿನದನ್ನು ಹೇಳುವಾಗ ಅವರ ಕಣ್ಣು ದಾರಿಯ ಮೇಲೆ ಇರುತ್ತಿರಲಿಲ್ಲ. “ನಸುಕಿನ್ಯಾಗ ಹೊರ್ತಿ ಬಿಡೂದು. ಸಿಂದಗ್ಯಾಗ ಚಾ. ಮೋರಟಗಿ ಹಾದು ತಾಳಿಕೋಟಿಗಿ ಊಟಕ್ಕ. ಡೋಣಿ ಹೊಳಿ ದಾಟಿ ಮುದ್ದೇಬಿಹಾಳ, ನಿಮ್ಮವ್ವನ ಮನ್ಯಾಗ ಒಂದ್ ತಾಸು. ಹೊತ್ತು ಮುಳುಗೂದ್ರಾಗ ಬಾಗೇವಾಡಿ. ದೀಪಾ ಹಚ್ಚೂದ್ರಾಗ ಮನಿ. ಒಂದ ದಿವಸ, ಸಗೀರಾ. ಒಂದ ದಿವಸದಾಗ ಪೂರ್ತಿ ಜಿಲ್ಲಾ.”

“ಎದುರಿಗಿ ಎಮ್ಮಿ ಐತ್ರಿ” ಎನ್ನುತ್ತಿದ್ದೆ ನಾನು. ಅವರು ಗಾಡಿಯನ್ನು ತಿರುಗಿಸಿ ಎಮ್ಮೆಯನ್ನು ಉಳಿಸುತ್ತಿದ್ದರು. ಆದರೆ ನನಗೂ ಆ ಪ್ರಯಾಣ ಹಿಡಿದುಬಿಟ್ಟಿತ್ತು. ಸಾಲೆಯಲ್ಲಿ ಹುಡುಗಿಯರು ಮಗ್ಗಿ ಹೇಳುತ್ತಿದ್ದರೆ ನಾನು ಡೋಣಿಯ ದಂಡೆಯಲ್ಲಿ ಇರುತ್ತಿದ್ದೆ. ನೀರು ಬಾನೆಟ್ಟಿಗೆ ಸಿಡಿಯುತ್ತಿತ್ತು, ಅವ್ವ ಬಾಗಿಲಲ್ಲಿ ನಿಂತಿರುತ್ತಿದ್ದಳು, ನಾವು ಇಳಿಯದೆ ಅವಳಿಗೆ ಒಂದು ಬುಟ್ಟಿ ನಿಂಬೆಕಾಯಿ ಕೊಟ್ಟು ಮುಂದೆ ಹೋಗುತ್ತಿದ್ದೆವು. ಇಳಿಯದೆ ಯಾಕೆ ಹೋಗುತ್ತಿದ್ದೆವೋ ಗೊತ್ತಿಲ್ಲ. ಕನಸಿನಲ್ಲಿ ಗಾಡಿ ನಿಲ್ಲುತ್ತಲೇ ಇರಲಿಲ್ಲ.

ಕನಸು ಹಾಗೇ ಇದ್ದಿದ್ದರೆ ಚೆನ್ನಾಗಿತ್ತು. ಅವರು ಅದನ್ನು ಮಾಡಲು ಹೊರಟರು.

ಕಾರ್ಬುರೇಟರಿಗಾಗಿ ನಿಂಬೆಕಾಯಿಯ ಜೊತೆ ತಾವೂ ರೈಲು ಹತ್ತಿ ಮುಂಬೈಗೆ ಹೋಗಿ ಬರೀ ಹಲ್ವಾದ ಡಬ್ಬಿ ಹಿಡಿದುಕೊಂಡು ಬಂದರು. ಪರದೇಶದ ಸಾಮಾನಿಗೆ ಸರಕಾರದ ಪರವಾನಗಿ ಬೇಕಂತೆ, ಇಷ್ಟು ಹಳೆಯ ಗಾಡಿಯದು ಈಗ ವಿಲಾಯತಿಯಲ್ಲೂ ಸಿಗುವುದಿಲ್ಲವಂತೆ. ಎಂಜಿನ್ನಿನ ತಲೆ ಕೆತ್ತಿಸುವ ವಿಷಯಕ್ಕೆ ಖಂಡೆಪ್ಪನವರೇ ಮೊದಲ ಸಲ ಕೈ ಹಿಂದೆ ತೆಗೆದರು. “ಕೆಟ್ಟರ ಇನ್ನೊಂದ್ ತಲಿ ಎಲ್ಲಿಂದ ತರೂದ್ರಿ, ಸಾವಕಾರ್ರ?” ನೆಟ್ಟಗಿನ ಪೈಪು ಹಾಕಿದ್ದು ಒಂದು ವಾರ ಇತ್ತು. ಅದರ ಸದ್ದಿಗೆ ನಮ್ಮ ಎಮ್ಮೆ ಹಾಲು ಕೊಡುವುದನ್ನು ಬಿಟ್ಟಿತು, ಅತ್ತೆ ಮಾತಾಡುವುದನ್ನು ಬಿಟ್ಟರು. ಹಳೆಯ ಸೈಲೆನ್ಸರು ತಿರುಗಿ ಬಂತು.

ಇನ್ನು ಮುಗಿಯಿತು ಎಂದುಕೊಂಡೆ. ಒಂದು ಸಂಜೆ ಅವರು ಬಹಳ ಶಾಂತವಾಗಿ ಗಾಡಿ ನಡೆಸುತ್ತ, “ಕಸುವು ಹೆಚ್ಚು ಮಾಡಾಕ ಆಗೂದಿಲ್ಲಂದ್ರ ವಜ್ಜಿ ಕಡಿಮಿ ಮಾಡಬೇಕು” ಎಂದರು. ಮಾತು ಸರಿಯಾಗಿಯೇ ಇತ್ತು. ಹೊರೆ ಇಳಿಸಿದರೆ ಎತ್ತೂ ಬೇಗ ನಡೆಯುತ್ತದೆ. ನಾನೇ ಭೇಷ್ ಎಂದೆ.

ಮೊದಲು ಮುಂದಿನ ಬಂಪರು ಹೋಯಿತು, ಆಮೇಲೆ ಹಿಂದಿನದು. ಸ್ಟೆಪ್ನಿ ಗಾಲಿ ಹೋಯಿತು. ಬೋಲ್ಟು ಬಿಚ್ಚುವ ಪಾನಾಗಳ ಪೆಟ್ಟಿಗೆ, ಕಾಲಡಿಯ ಹಾಸು, ಕಿಟಕಿಯ ಗಾಜು ಏರಿಸುವ ಸಲಕರಣೆ, ಗಾಜುಗಳು. ಎಲ್ಲವೂ ನಮ್ಮ ಅಂಗಳದ ಬೇವಿನ ಮರದಡಿ ಗುಡ್ಡೆಯಾದವು. ಅತ್ತೆ ಒಂದು ಬಂಪರಿನ ಮೇಲೆ ಹಪ್ಪಳ ಒಣಗಿಸಿದರು. ಗಾಡಿ ನಿಜಕ್ಕೂ ಹಗುರಾಯಿತು. ಏರಿನಲ್ಲಿ ಜೀಪು ನಮ್ಮನ್ನು ದಾಟಲು ಮೊದಲಿಗಿಂತ ಸ್ವಲ್ಪ ಹೆಚ್ಚು ಹೊತ್ತು ತೆಗೆದುಕೊಳ್ಳತೊಡಗಿತು. ಇದರಿಂದ ಆದದ್ದೇನೆಂದರೆ, ಶ್ರೀಶೈಲಪ್ಪನವರಿಗೆ ಪಕ್ಕದಲ್ಲೇ ಬರುತ್ತ ನಮ್ಮ ಯೋಗಕ್ಷೇಮ ವಿಚಾರಿಸಲು ಸಮಯ ಸಿಕ್ಕಿತು.

ಒಂದು ದಿನ ಸಾಲೆ ಬಿಟ್ಟಮೇಲೆ ಖಂಡೆಪ್ಪನವರ ಅಂಗಡಿಗೆ ಹೋದಾಗ ಅವರು ಗಾಡಿಯೊಳಗೆ ಮಂಡಿಯೂರಿ ನನ್ನ ಸೀಟಿನ ಬುಡ ನೋಡುತ್ತಿದ್ದರು. ನನ್ನನ್ನು ಕಂಡು ಗಡಬಡಿಸಿ ಹೊರಗೆ ಬಂದರು. “ನಾಕ ಬೋಲ್ಟ್ ಅದಾವ್ರಿ, ಅಕ್ಕೋರ” ಎಂದರು, ನಾನು ಏನನ್ನೂ ಕೇಳದಿದ್ದರೂ.

ದಾರಿಯಲ್ಲಿ ನಮ್ಮವರೂ ಬಾಯಿ ಬಿಟ್ಟರು. ಸೀಟಿನ ಚೌಕಟ್ಟು ಕಬ್ಬಿಣದ್ದು, ಬಹಳ ವಜ್ಜಿ. ಅದನ್ನು ತೆಗೆದರೆ ಗಾಡಿ ಹಗುರ. ಬೇಕೆಂದಾಗ ಅಲ್ಲಿ ಇನ್ನೆರಡು ಬುಟ್ಟಿಯೂ ಹಿಡಿಸುತ್ತವೆ. ಅಮ್ಮನೂ ಖುಷಿಯಾಗುತ್ತಾಳೆ.

“ನನ್ನ ಸಾಲಿ?” ಎಂದೆ.

“ಬಸ್ಸಿನ ಟೈಮ್ ಬದಲಾಗತೈತಂತ ಹೇಳಾಕತ್ತಾರ.”

“ಯಾರು?”

ಅವರು ದಾರಿ ನೋಡಿಕೊಂಡು ಗಾಡಿ ನಡೆಸಿದರು. ಅಷ್ಟು ವರ್ಷಗಳಲ್ಲಿ ಅವರು ದಾರಿಯನ್ನು ಅಷ್ಟು ಚೆನ್ನಾಗಿ ನೋಡಿದ್ದು ಅದೇ ಮೊದಲು.

ನನಗೆ ಬಂದ ಸಿಟ್ಟು ಎಂಥದೆಂದರೆ, ಮೂರು ದಿನ ನಾನು ಯಾರ ಮೇಲೂ ಸಿಟ್ಟಾಗಲಿಲ್ಲ. ಸಾಲೆ ಹೋಗುತ್ತದೆಂಬ ಸಂಕಟ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಒಳಗೆ ಕೊರೆದದ್ದು ಅದಲ್ಲ. ಬಂಪರು, ಸ್ಟೆಪ್ನಿ, ಹಾಸು ಎಂದು ಒಂದೊಂದಾಗಿ ಎಣಿಸುತ್ತ ಬಂದ ಆ ಮನುಷ್ಯ ಅದೇ ಸಾಲಿನಲ್ಲಿ ನನ್ನನ್ನೂ ಎಣಿಸಿದ್ದರು, ಅದೂ ಯಾವ ಕೆಡುಕೂ ಇಲ್ಲದೆ, ಲೆಕ್ಕದ ಸುಖದಲ್ಲಿ. ನನ್ನ ಬದುಕಿನಲ್ಲಿ ನಾನು ಅವರ ಪಕ್ಕದಲ್ಲಿ ಕೂಡುವ ಜಾಗ ಈ ಭೂಮಿಯ ಮೇಲೆ ಅದೊಂದೇ ಇತ್ತು. ಅವರಿಗೆ ಅದು ನಾಲ್ಕು ಬೋಲ್ಟು.

ಮುಂದಿನ ರವಿವಾರ ಖಂಡೆಪ್ಪನವರು ಹೊರ್ತಿಗೆ ಬಂದರು. ತೆಗೆದ ಸಾಮಾನನ್ನೆಲ್ಲ ತೂಗಿ, ಗಾಡಿ ಎಷ್ಟು ಹಗುರಾಯಿತೆಂದು ನೋಡುವ ಆಸೆ ಇಬ್ಬರಿಗೂ. ನಮ್ಮ ಬೇವಿನ ಮರಕ್ಕೆ ಜೋಳದ ಚೀಲ ತೂಗುವ ದೊಡ್ಡ ತಕ್ಕಡಿ ಯಾವಾಗಲೂ ತೂಗಾಡುತ್ತಿತ್ತು, ಹಲಗೆಯ ಎರಡು ತಟ್ಟೆ, ಸರಪಳಿ. ಬಂಪರು ತೂಗಿದರು, ಗಾಲಿ ತೂಗಿದರು. ಅತ್ತೆ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು. ನಾನು ಚಹಾ ತಂದಿಟ್ಟೆ.

“ಎಲ್ಲಾ ತೂಗಾಕತ್ತೀರಿ, ಗಾಡ್ಯಾಗ ದಿನಾ ಇರೂದ್ ಒಂದ ಉಳದೈತಿ” ಎಂದೆ.

“ಯಾವ್ದು?” ಎಂದರು ನಮ್ಮವರು.

“ನೀವು. ಒಂದ್ ತಟ್ಟ್ಯಾಗ ನೀವು ಕುಂಡ್ರಿ, ಇನ್ನೊಂದ್ರಾಗ ನಾ ಕುಂಡ್ರತೇನಿ. ತಗದ ಹಾಕೂದ್ ಯಾವ್ದಂತ ಲೆಕ್ಕಾ ಹೇಳಲಿ.”

ಅತ್ತೆ ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಬೈಯಲಿಲ್ಲ, ಸೆರಗು ಬಾಯಿಗೆ ಅಡ್ಡ ಹಿಡಿದರು. ಲೆಕ್ಕ ಎಂದೊಡನೆ ನಮ್ಮವರಿಗೆ ಹಿಂದೆ ಸರಿಯಲು ಬರುವುದಿಲ್ಲ. ನಗುತ್ತ ಹೋಗಿ ಒಂದು ತಟ್ಟೆಯಲ್ಲಿ ಕೂತರು. ತಟ್ಟೆ ಅಲುಗದಂತೆ ಅಡಿಗೆ ಕಟ್ಟಿಗೆಯ ಆಸರೆ ಕೊಟ್ಟಿತ್ತು. ನಾನು ಇನ್ನೊಂದರಲ್ಲಿ ಕೂತು ಸರಪಳಿ ಹಿಡಿದೆ. ಖಂಡೆಪ್ಪನವರು ಆಸರೆಯ ಕಟ್ಟಿಗೆ ತೆಗೆದರು.

ನಾನು ಮೇಲೆ ಹೋದೆ. ಅವರ ತಟ್ಟೆ ಧಪ್ಪನೆ ನೆಲಕ್ಕೆ ಕೂತಿತು. ನನ್ನ ಕಾಲು ನೆಲ ಬಿಟ್ಟವು, ಬೇವಿನ ಎಲೆಗಳು ತಲೆಗೆ ತಾಕಿದವು, ತೋಟದ ಆಚೆಯ ದಾರಿ, ದಾರಿಯಾಚೆಯ ಹೊಲ ಕಂಡವು. ಮದುವೆಯಾದ ಹೆಂಗಸು ಮರದ ಕೆಳಗೆ ಗಾಳಿಯಲ್ಲಿ ತೂಗುತ್ತಿದ್ದೆ, ಯಾರೂ ಇಳಿ ಎನ್ನಲಿಲ್ಲ. ಒಂದು ಕ್ಷಣ ಸಿಟ್ಟೆಲ್ಲ ಮರೆತುಹೋಯಿತು. ಖಂಡೆಪ್ಪನವರು ನನ್ನ ತಟ್ಟೆಗೆ ನಿಂಬೆಕಾಯಿಯ ಒಂದು ಬುಟ್ಟಿ ಇಟ್ಟರು, ಸಾಲಲಿಲ್ಲ. ಎರಡನೆಯದು ತುಂಬಿ ಇಟ್ಟಮೇಲೆ ತಕ್ಕಡಿ ಸಮವಾಯಿತು. ಗಂಡ ಹೆಂಡತಿ ಎದುರಾಬದುರಾ, ಒಂದೇ ಎತ್ತರದಲ್ಲಿ ನಿಂತೆವು.

ಖಂಡೆಪ್ಪನವರು ತಲೆ ಕೆರೆದುಕೊಂಡರು. “ಸಾವಕಾರ್ರ ಇಳದು ಅಕ್ಕೋರು ಗಾಡಿ ಹೊಡದ್ರ ಎರಡ್ ಬುಟ್ಟಿ ಫರಕ್ ಬೀಳತೈತ್ರಿ. ಸೀಟೂ ತಗದ್ರ ಇನ್ನೂ ಹಗರ.”

“ಹೆಂಗಸು ಮೋಟಾರ್ ಹೊಡೀತಾಳೇನೋ, ಮಂಗ್ಯಾ?” ಎಂದು ನಮ್ಮವರು ನಕ್ಕರು. ಆಗ ಅತ್ತೆ ಕಟ್ಟೆಯಿಂದ ಎದ್ದರು.

“ಎರಡ್ ಬುಟ್ಟಿ ದಿನಾ ಹೆಚ್ಚಿಗಿ ಹೊಂಟಾವಂದ್ರ ಯಾರರ ಹೊಡೀಲಿ. ಒಬ್ಬಾಕೀನ ಕುಂತ್ರ ನಡುವ ಬುಟ್ಟಿ ಇಡೂ ತಾಪತ್ರಯಾನೂ ಇಲ್ಲ” ಎಂದು ಒಳಗೆ ಹೋದರು.

ಅತ್ತೆಗೆ ಒಂದೇ ಏಟಿಗೆ ಎರಡು ಲಾಭ. ನಮ್ಮವರು ನನ್ನ ಮುಖ ನೋಡಿದರು. ತಮಾಷೆಯೋ ನಿಜವೋ ಅವರಿಗೆ ತಿಳಿಯಲಿಲ್ಲ. ನನಗೂ ಆ ಗಳಿಗೆಯ ತನಕ ತಿಳಿದಿರಲಿಲ್ಲ. “ಬ್ಯಾಸಗಿ ಸೂಟಿ ಬಂತು, ಕಲಸ್ರಿ” ಎಂದೆ.

ಕಲಿಸಿದರು. ಲೆಕ್ಕಕ್ಕೆ ತಪ್ಪುವ ಮನುಷ್ಯರಲ್ಲ. ತೋಟದ ಹಿಂದೆ ಬಿತ್ತದೆ ಬಿಟ್ಟ ಹೊಲವಿತ್ತು, ಅಲ್ಲಿ ಸಂಜೆಗೆ ಬಿಸಿಲು ಇಳಿದಮೇಲೆ ಪಾಠ. ನಾನು ಬಲಕ್ಕೆ, ಅವರು ಎಡಕ್ಕೆ. ಮೊದಮೊದಲು ಗಾಡಿ ಕಪ್ಪೆಯ ಹಾಗೆ ಕುಪ್ಪಳಿಸಿತು. ಅವರು ಹಣೆ ಬಡಿಸಿಕೊಂಡು, “ಕ್ಲಚ್ ಮೆತ್ತಗ ಬಿಡು, ಸಗೀರಾ, ಅದು ನಿನ್ನ ಸಾಲಿ ಹುಡುಗಿ ಕಿವಿ ಅಲ್ಲ” ಎನ್ನುತ್ತಿದ್ದರು. ಆಮೇಲೆ ಅದೂ ನನ್ನ ಮಾತು ಕೇಳತೊಡಗಿತು. ಅಷ್ಟು ವರ್ಷ ಪಕ್ಕದಲ್ಲಿ ಕೂತವಳ ಕೈಗೆ ಗೇರು ಎಲ್ಲಿದೆ ಎಂದು ಯಾರೂ ಹೇಳಬೇಕಾಗಿರಲಿಲ್ಲ. ವೈಶಾಖದ ಗಾಳಿ ಕಿಟಕಿಯಿಂದ ಕಿಟಕಿಗೆ ಹಾಯುತ್ತಿತ್ತು, ಧೂಳು ನಮ್ಮ ಹಿಂದೆ ಬಂಗಾರದ ಬಣ್ಣದಲ್ಲಿ ಏಳುತ್ತಿತ್ತು. ನಾನು ಹೊಲವನ್ನು ಸುತ್ತುತ್ತಿದ್ದೆ, ಮತ್ತೆ ಸುತ್ತುತ್ತಿದ್ದೆ. ಹೋಗಿ ತಲುಪಬೇಕಾದ ಊರೇ ಇಲ್ಲದೆ ಗಾಡಿ ನಡೆಸುವುದು ಎಷ್ಟು ಚೆಂದವೆಂದು ನನಗೆ ಯಾರೂ ಹೇಳಿರಲಿಲ್ಲ.

ಆ ದಿನಗಳಲ್ಲಿ ನಮ್ಮವರಿಗೆ ಏನೋ ಆಯಿತು. ಮೊದಲು ನನ್ನ ಕೈ ಕಾಲು ಕಾಯುತ್ತಿದ್ದವರು ಆಮೇಲಾಮೇಲೆ ಕಿಟಕಿಯ ಹೊರಗೆ ನೋಡತೊಡಗಿದರು. ಒಂದು ಸಂಜೆ, “ಇಲ್ಲಿಂದ ಅಷ್ಟು ದೂರದ ಗುಡ್ಡಾನೂ ಕಾಣತೈತಲ್ಲ” ಎಂದರು.

“ಮೊದ್ಲಿಂದ ಕಾಣತೈತ್ರಿ.”

“ನಾ ಈ ಕಡಿ ನೋಡೇ ಇಲ್ಲ.” ಸ್ವಲ್ಪ ಹೊತ್ತು ಬಿಟ್ಟು, “ಈ ಬಾಗಲಾ ಗದಾ ಗದಾ ಅಂತೈತಿ. ಚಿಲಕಾ ಸರಿ ಇಲ್ಲೇನು?”

“ತಿರುವಿನ್ಯಾಗ ಕೈಲೆ ಹಿಡಕೋಬೇಕು” ಎಂದೆ.

“ನೀ ಹಿಡಕೋತಿದ್ದಿ?”

“ಮತ್ಯಾರ್ ಹಿಡೀತಾರ್ರಿ?”

ಅವರು ಮುಂದಿನ ತಿರುವಿನಲ್ಲಿ ಬಾಗಿಲು ಹಿಡಿದುಕೊಂಡರು. ಮರುದಿನ ತಾವೇ ಚಿಲಕ ಬಿಚ್ಚಿ ಸರಿಪಡಿಸಿದರು. ಬೇಕಿದ್ದದ್ದು ಒಂದು ಸಣ್ಣ ಸ್ಪ್ರಿಂಗು.

ಎಡದ ಸೀಟು ಅವರಿಗೆ ಒಗ್ಗಿತು ಎನ್ನುವುದು ಸಣ್ಣ ಮಾತು. ಅವರು ಹುಟ್ಟಿದ್ದೇ ಅದಕ್ಕೆ. ಅಲ್ಲಿ ಎಮ್ಮೆಗಳ ಚಿಂತೆಯಿಲ್ಲ, ಗೇರಿನ ಚಿಂತೆಯಿಲ್ಲ. ತಲೆ ಹಿಂದಕ್ಕೆ ಒರಗಿಸಿ, ಕಣ್ಣು ಅರ್ಧ ಮುಚ್ಚಿ, ಎರಡು ಕಾರ್ಬುರೇಟರಿನ ಗಾಡಿಯನ್ನು ಅವರು ತಾಳಿಕೋಟೆಯ ಆಚೆಗೂ, ಕೃಷ್ಣೆಯ ಆಚೆಗೂ ಒಯ್ದರು. ನಾನು ಹೊಲ ಸುತ್ತುತ್ತ ಕೇಳುತ್ತಿದ್ದೆ. ಮೊದಲಿಗಿಂತ ಒಳ್ಳೆಯ ಕನಸುಗಳು.

ಲಾಯಸನ್ಸಿಗಾಗಿ ವಿಜಾಪುರಕ್ಕೆ ಹೋಗಿ ಬಂದದ್ದು, ಅಲ್ಲಿಯ ಸಾಹೇಬರು ನನ್ನನ್ನು ನೋಡಿ ಮೂರು ಸಲ ಕನ್ನಡಕ ಒರೆಸಿಕೊಂಡದ್ದು, ಎಲ್ಲ ಆಯಿತು. ಮುಂಗಾರಿನ ಮಿರಗ ಮಳೆ ಒಂದು ಬಿದ್ದಿತು. ಸಾಲೆ ಶುರುವಾಗುವ ದಿನ ಬಂತು. ಯೋಜನೆಯಂತೆ ಆ ದಿನದಿಂದ ನಾನೊಬ್ಬಳೇ ಗಾಡಿ ಒಯ್ಯುವುದು, ಸ್ಟೇಶನ್ನಿಗೆ ನಿಂಬೆಕಾಯಿ, ಅಲ್ಲಿಂದ ಸಾಲೆ. ಹಿಂದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಗೆದ್ದವಳು ನಾನೇ. ನೌಕರಿ ಉಳಿಯಿತು, ಅತ್ತೆ ಒಪ್ಪಿದರು, ಸೀಮೆಯಲ್ಲಿ ಯಾರೂ ಮಾಡದ್ದನ್ನು ಮಾಡುತ್ತಿದ್ದೆ. ಆದರೆ ಕಣ್ಣು ಮುಚ್ಚಿದರೆ ಕಾಣುತ್ತಿದ್ದದ್ದು ನನ್ನ ಎಡಗಡೆಯ ಖಾಲಿ ಜಾಗ, ಅಲ್ಲಿ ಗೋಣಿಚೀಲ ಹೊದ್ದ ಬುಟ್ಟಿಗಳು. ಅವರನ್ನು ಸೋಲಿಸಲು ಹೋಗಿ ನಾನೇ ಆ ನಾಲ್ಕು ಬೋಲ್ಟುಗಳನ್ನು ಕೈಯಾರೆ ಬಿಚ್ಚಲು ಹೊರಟಿದ್ದೆ. ಈಗ ಬೇಡ ಎನ್ನಲು ಸೊಕ್ಕು ಬಿಡಲಿಲ್ಲ. ಅವರಾದರೂ ಅಂದಾರು ಎಂದು ಕಾದೆ. ಅವರು ಗೊರಕೆ ಹೊಡೆಯುತ್ತಿದ್ದರು.

ಬೆಳಿಗ್ಗೆ ಡಿಕ್ಕಿಗೆ ಬುಟ್ಟಿಗಳನ್ನು ತುಂಬಿದರು. ಮುಂದೆ ಇಡಲು ಇನ್ನೂ ನಾಲ್ಕು ಬುಟ್ಟಿ ಅಂಗಳದಲ್ಲಿ ಕಾದಿದ್ದವು. ಖಂಡೆಪ್ಪನವರು ಪಾನಾ ಹಿಡಿದುಕೊಂಡು ಮೊದಲೇ ಬಂದಿದ್ದರು. ನಾನು ಬಲಕ್ಕೆ ಕೂತು ಚಕ್ರ ಹಿಡಿದೆ, ಎಡಕ್ಕೆ ನೋಡಬಾರದೆಂದು ಎದುರಿನ ಬೇವಿನ ಮರ ನೋಡುತ್ತ ಕೂತೆ. ನಮ್ಮವರು ಚಹಾದ ಬಟ್ಟಲು ಕೈಯಲ್ಲಿ ಹಿಡಿದು, ಎರಡು ತಿಂಗಳ ರೂಢಿಯಂತೆ, ಆ ಕಡೆಯಿಂದ ಬಂದು ಎಡದ ಸೀಟಿನಲ್ಲಿ ಕೂತುಬಿಟ್ಟರು. ಬಾಗಿಲು ಹಾಕಿಕೊಂಡರು. ಚಹಾ ಕುಡಿಯತೊಡಗಿದರು.

ಖಂಡೆಪ್ಪನವರು ಕಿಟಕಿಯಲ್ಲಿ ಬಗ್ಗಿದರು. “ಸಾವಕಾರ್ರ, ಒಂಚೂರ್ ಏಳ್ರಿ. ಸೀಟ್ ಬಿಚ್ಚಬೇಕು.”

ನಮ್ಮವರು ಬಟ್ಟಲಿನಿಂದ ಮುಖ ಎತ್ತಿದರು. ನಿದ್ದೆಯಿಂದ ಎದ್ದವರಂತೆ ಖಂಡೆಪ್ಪನವರನ್ನು ನೋಡಿದರು, ಅಂಗಳದ ಬುಟ್ಟಿಗಳನ್ನು ನೋಡಿದರು.

“ಹಂಗಾದ್ರ ನಾ ಎಲ್ಲಿ ಕುಂಡ್ರಲಿ?” ಎಂದರು.

ಅದು ಜಗಳದ ಮಾತಾಗಿರಲಿಲ್ಲ. ಸಣ್ಣ ಹುಡುಗ ಕೇಳಿದಂತೆ ಕೇಳಿದರು, ನಿಜವಾಗಿ ತಿಳಿಯದೆ. ಖಂಡೆಪ್ಪನವರು ಪಾನಾ ಕೆಳಗಿಳಿಸಿದರು. ಅತ್ತೆ ಬಾಗಿಲಿಗೆ ಬಂದು ನಿಂತರು. ನಾನು ತಿರುಗಿ ಅವರ ಮುಖ ನೋಡಿದೆ. ತಮ್ಮ ಮಾತು ತಮಗೇ ಕೇಳಿಸಿತೇನೋ, ಅವರ ಮುಖದ ಬಣ್ಣ ಇಳಿಯುತ್ತ ಹೋಯಿತು. ಬಟ್ಟಲು ಹಿಡಿದ ಕೈ ಮಡಿಲಿಗೆ ಬಂತು. ಅವರು ನನ್ನ ಕಡೆ ನೋಡಲಾರದೆ, ತಾವು ಕೂತಿದ್ದ ಸೀಟಿನ ಅಂಚನ್ನು ಬೆರಳಿನಿಂದ ಸವರುತ್ತ ಕೂತರು.

“ಸಗೀರಾ” ಎಂದರು ಕೊನೆಗೆ. ತಾಯಿಯ ಎದುರಿಗೆ ಅವರು ನನ್ನ ಹೆಸರು ಹಿಡಿದು ಕರೆದದ್ದು ಅದೇ ಮೊದಲು.

ನನ್ನ ಕಣ್ಣು ತುಂಬಿದವು. ಹೇಳಬೇಕೆಂದು ಇಟ್ಟುಕೊಂಡಿದ್ದ ಚುಚ್ಚುಮಾತುಗಳು ಬೇಕಾದಷ್ಟಿದ್ದವು, ಒಂದೂ ಬಾಯಿಗೆ ಬರಲಿಲ್ಲ. ಅತ್ತೆ ಮೆಟ್ಟಿಲಿಳಿದು ಬಂದು ಮಗನನ್ನು ನೋಡಿದರು, ನನ್ನನ್ನು ನೋಡಿದರು. ಅಂಗಳದ ಬುಟ್ಟಿಗಳಲ್ಲಿ ಒಂದನ್ನು ಎತ್ತಿ, ತಾವೇ ತಿರುಗಿ ಮನೆಯೊಳಗೆ ಒಯ್ದರು. ಖಂಡೆಪ್ಪನವರು ಇನ್ನೊಂದನ್ನು ಎತ್ತಿಕೊಂಡು ಅವರ ಹಿಂದೆ ಹೋದರು.

ನಾನು ಗಾಡಿ ಚಾಲೂ ಮಾಡಿದೆ. ಕ್ಲಚ್ಚನ್ನು ಮೆತ್ತಗೆ ಬಿಟ್ಟೆ. ಆ ದಿನ ನಾವು ಏರಿನ ಬುಡಕ್ಕೆ ಬರುವ ಹೊತ್ತಿಗೆ ಜೀಪು ಆಗಲೇ ಮೇಲೆ ಹೋಗಿಯಾಗಿತ್ತು.